ಬಿಸಿಲಿಂದ ಇಂಧನ ಮಾಡೋ ಕೆಲಸದಲ್ಲಿ ನನ್ನ ಅನುಭವ: ಲ್ಯಾಬ್ ಹಲವು, ಅಳತೆ ಒಂದೇ ಇರಬೇಕು

ಸೋಲಾರ್ ಅಂದ ತಕ್ಷಣ ಎಲ್ರಿಗೂ ಪ್ಯಾನೆಲ್, ಕರೆಂಟು ಇಷ್ಟೇ ನೆನಪಾಗೋದು. ನಾನು ಕೆಲಸ ಮಾಡ್ತಿರೋ ದಾರಿ ಬೇರೆ, ಕನ್ನಡಿಗಳಿಂದ ಬಿಸಿಲನ್ನ ಒಂದೇ ಜಾಗಕ್ಕೆ ಕೂಡಿಸಿ ಆ ಶಾಖದಲ್ಲೇ ನೀರನ್ನೂ ಕಾರ್ಬನ್ ಡೈಆಕ್ಸೈಡನ್ನೂ ಒಡೆದು ಹೈಡ್ರೋಜನ್, ಕಾರ್ಬನ್ ಮಾನಾಕ್ಸೈಡ್ ಮಾಡೋದು. ಈ ಎರಡರ ಮಿಶ್ರಣಾನೇ ಸಿನ್‌ಗ್ಯಾಸ್, ಅದು ಕೈಗೆ ಸಿಕ್ರೆ ಫಿಷರ್-ಟ್ರಾಪ್ಷ್ ವಿಧಾನದಲ್ಲಿ ಡೀಸೆಲ್, ವಿಮಾನದ ಇಂಧನ ಎಲ್ಲಾ ಮಾಡ್ಬಹುದು.

ಇದಕ್ಕೆ ಹೆಚ್ಚಾಗಿ ಬಳಸೋದು ಸೀರಿಯಾ, ಅಂದ್ರೆ ಸೀರಿಯಂ ಆಕ್ಸೈಡ್. ಸುಮಾರು 1500 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ ಒತ್ತಡ ಇಳಿಸಿದ್ರೆ ಅದು ತನ್ನೊಳಗಿನ ಆಕ್ಸಿಜನ್ ಸ್ವಲ್ಪ ಬಿಟ್ಕೊಡುತ್ತೆ, ಆಮೇಲೆ 900 ಡಿಗ್ರಿ ಆಸುಪಾಸಿಗೆ ಇಳಿಸಿ ಹಬೆ ಮತ್ತೆ ಕಾರ್ಬನ್ ಡೈಆಕ್ಸೈಡ್ ಹರಿಸಿದ್ರೆ ಬಿಟ್ಟಿದ್ದ ಆಕ್ಸಿಜನ್ನನ್ನ ಅವುಗಳಿಂದ ಕಿತ್ಕೊಂಡು ವಾಪಸ್ ಮೊದಲಿನ ಹಾಗಾಗುತ್ತೆ. ಸೀರಿಯಾ ಖರ್ಚಾಗಲ್ಲ, ಅದೇ ಚಕ್ರ ಮತ್ತೆ ಮತ್ತೆ.

ನಮ್ಮ ಗುಂಪಿನ ಪಾಲು ಈ ಸೀರಿಯಾದ ಫೋಮ್ ಮಾಡೋದು, ಅಂದ್ರೆ ಈ ಕ್ರಿಯೆ ನಡೆಯೋ ಪಾತ್ರೆ, ರಿಯಾಕ್ಟರ್, ಅದರೊಳಗೆ ಕೂರೋ ತೂತು ತೂತಿನ ಸೆರಾಮಿಕ್. ಪಾಲಿಯುರೆಥೇನ್ ಸ್ಪಾಂಜನ್ನ ಸೀರಿಯಾ ಸ್ಲರಿಯಲ್ಲಿ (ಪುಡಿ ಕಲಸಿದ ಗಂಜಿಯಂಥ ದ್ರವ) ಅದ್ದಿ, ಒಣಗಿಸಿ, ಫರ್ನೇಸ್‌ನಲ್ಲಿಟ್ರೆ ಸ್ಪಾಂಜು ಸುಟ್ಟುಹೋಗಿ ಅದರ ಆಕಾರದಲ್ಲಿ ಸೆರಾಮಿಕ್ ಉಳಿಯುತ್ತೆ. ತೂತು ದೊಡ್ಡದಿದ್ರೆ ಬೆಳಕು ಒಳಗಿನವರೆಗೂ ಹೋಗುತ್ತೆ, ಆದ್ರೆ ಗ್ಯಾಸ್ ಜೊತೆ ರಿಯಾಕ್ಷನ್ ಬೇಗ ಆಗ್ಬೇಕಂದ್ರೆ ಸಣ್ಣ ಸಣ್ಣ ರಂಧ್ರ ಬೇಕು, ಅದಕ್ಕೇ ಸ್ಲರಿಗೆ ಕಾರ್ಬನ್ ಕಣ ಬೆರೆಸ್ತೀವಿ, ಅದು ಸುಟ್ಟಾಗ ಫೋಮ್‌ನ ಎಳೆಗಳ ಒಳಗೂ ರಂಧ್ರ ಬೀಳುತ್ತೆ. ಈ ಫೋಮ್ ಇನ್ನೊಂದು ದೇಶದ ಲ್ಯಾಬ್‌ಗೆ ಹೋಗುತ್ತೆ, ಅಲ್ಲಿ ಝೆನಾನ್ ಲ್ಯಾಂಪ್‌ಗಳ ಸೋಲಾರ್ ಸಿಮ್ಯುಲೇಟರ್ ಇದೆ, ಮೋಡದ ಕಾಟ ಇಲ್ದೆ ಒಂದೇ ಸಮ ಬೆಳಕಲ್ಲಿ ಪರೀಕ್ಷೆ ಮಾಡ್ಬಹುದು. ಅಲ್ಲಿ ಪಾಸಾದ್ಮೇಲೆ ಮೂರನೇ ಕಡೆ ನಿಜವಾದ ಬಿಸಿಲು, ನಿಜವಾದ ಟವರ್, ಅಂದ್ರೆ ಕನ್ನಡಿಗಳು ಬಿಸಿಲನ್ನ ಕೂಡಿಸೋ ಗೋಪುರ. ಕಂಪ್ಯೂಟರ್ ಮಾಡೆಲ್ ಮಾಡೋರು ಇನ್ನೊಂದೆಡೆ. ಒಬ್ರೇ ಇದೆಲ್ಲಾ ಮಾಡೋಕೆ ಆಗಲ್ಲ, ಒಳ್ಳೇ ಬಿಸಿಲು ಇರೋ ಕಡೆ, ಲ್ಯಾಂಪ್ ಇರೋ ಕಡೆ, ಸೆರಾಮಿಕ್ ಗೊತ್ತಿರೋ ಕಡೆ ಎಲ್ಲಾ ಬೇರೆ ಬೇರೆ.

ಸಹಯೋಗದಲ್ಲಿ ನಿಜವಾದ ಕಷ್ಟ ಇರೋದು ಅಳತೆಯಲ್ಲಿ. ಮೀಟಿಂಗ್ ಟೈಮು, ಭಾಷೆ ಇವೆಲ್ಲಾ ಹೇಗೋ ಹೊಂದ್ಕೊಳ್ಳುತ್ತೆ, ಆದ್ರೆ ಅವರ 1500 ಡಿಗ್ರಿ ನಮ್ಮ 1500 ಡಿಗ್ರಿ ಒಂದೇನಾ ಅನ್ನೋದು ಮೊದಲು ತೀರ್ಮಾನ ಆಗ್ಬೇಕು. ದೂರದಿಂದ ತಾಪಮಾನ ನೋಡೋ ಪೈರೋಮೀಟರ್‌ಗೆ ಫೋಮ್‌ನ ಬಿಸಿಯಿಂದ ಬರೋ ಬೆಳಕಿನ ಜೊತೆ ಅದರ ಮೇಲೆ ಬಿದ್ದು ಪ್ರತಿಫಲಿಸೋ ಬೆಳಕೂ ಕಾಣುತ್ತೆ. ಬಿಸಿಲಲ್ಲಾದ್ರೆ ವಾತಾವರಣ ಹೀರ್ಕೊಂಡು ಬಿಟ್ಟಿರೋ ತರಂಗಾಂತರ ಆರಿಸ್ಕೊಂಡು ಅಳೆದ್ರೆ ಈ ತೊಂದರೆ ತಪ್ಪುತ್ತೆ, ಲ್ಯಾಂಪ್ ಮುಂದೆ ಅದೇ ಉಪಾಯ ಹಾಗೇ ನಡೆಯಲ್ಲ, ಲ್ಯಾಂಪಿನ ಬೆಳಕು ಅಷ್ಟು ಗಾಳಿ ದಾಟಿ ಬಂದಿರಲ್ವಲ್ಲ. ಅದಕ್ಕೆ ನಾವು ಎರಡೂ ಕಡೆ ಪ್ಲಾಟಿನಂ-ರೋಡಿಯಂ ಥರ್ಮೋಕಪಲ್ಲನ್ನೂ (ಬೆಳಕು ನೋಡದೆ ಅಲ್ಲೇ ಇದ್ದು ತಾಪಮಾನ ಅಳೆಯೋ ತಂತಿ) ಫೋಮ್ ಹಿಂದೆ ಒಂದೇ ಆಳದಲ್ಲಿ ಇಡೋದು ಅಂತ ನಿಯಮ ಮಾಡ್ಕೊಂಡ್ವಿ, ಆ ಆಳ ಡ್ರಾಯಿಂಗ್‌ನಲ್ಲೇ ಬರೆದಿರ್ಬೇಕು.

ಗ್ಯಾಸ್ ಲೆಕ್ಕಕ್ಕೆ ನನಗೆ ತುಂಬಾ ನಂಬಿಕೆ ಇರೋ ಪರೀಕ್ಷೆ ಒಂದಿದೆ. ಗಾತ್ರದ ಲೆಕ್ಕದಲ್ಲಿ ಸೀರಿಯಾ ಒಂದು ಭಾಗ ಆಕ್ಸಿಜನ್ ಬಿಟ್ರೆ, ಮುಂದಿನ ಹಂತದಲ್ಲಿ ಹೈಡ್ರೋಜನ್ ಮತ್ತೆ ಕಾರ್ಬನ್ ಮಾನಾಕ್ಸೈಡ್ ಸೇರಿ ಎರಡು ಭಾಗ ಬರ್ಲೇಬೇಕು. ಬರ್ಲಿಲ್ಲ ಅಂದ್ರೆ ರಿಸಲ್ಟನ್ನ ಯಾರಿಗೂ ಕಳಿಸಬಾರ್ದು, ಮೊದಲು ಲೀಕ್ ಹುಡುಕ್ಬೇಕು. ರಿಡಕ್ಷನ್ ವೇಳೆ, ಅಂದ್ರೆ ಸೀರಿಯಾ ಆಕ್ಸಿಜನ್ ಬಿಡೋ ಹಂತದಲ್ಲಿ, ಒಳಗೆ ಒತ್ತಡ ಕಮ್ಮಿ ಇರೋದ್ರಿಂದ ಸೀಲ್ ಸ್ವಲ್ಪ ಸಡಿಲ ಇದ್ರೂ ಗಾಳಿ ಒಳಗೆ ನುಗ್ಗುತ್ತೆ, ಆಗ ಅನಲೈಜರ್‌ನಲ್ಲಿ ಕಾಣೋ ಆಕ್ಸಿಜನ್ ಸೀರಿಯಾದ್ದೋ ಗಾಳೀದೋ ಗೊತ್ತಾಗಲ್ಲ. ಅದಕ್ಕೇ ನಾವು ನೈಟ್ರೋಜನ್ ಬದಲು ಆರ್ಗಾನ್ ಹರಿಸ್ತೀವಿ. ಆರ್ಗಾನ್ ಹರೀತಿರೋವಾಗ ನೈಟ್ರೋಜನ್ ಕಂಡ್ರೆ ಅದು ಹೊರಗಿನ ಗಾಳಿ, ಬೇರೆ ಮಾತೇ ಇಲ್ಲ. ಆರ್ಗಾನ್ ಖರ್ಚು ಜಾಸ್ತಿ, ಕೊಡಲೇಬೇಕು ಅಂತ ನಾನು ವಾದ ಮಾಡಿದೀನಿ, ಮುಂದೂ ಮಾಡ್ತೀನಿ.

ಆಮೇಲೆ ದಕ್ಷತೆ, ಅಂದ್ರೆ ಒಳಗೆ ಹೋದ ಶಕ್ತಿಯಲ್ಲಿ ಎಷ್ಟು ಭಾಗ ಇಂಧನದಲ್ಲಿ ಉಳೀತು ಅನ್ನೋ ಲೆಕ್ಕ. ಈ ಕ್ಷೇತ್ರದಲ್ಲಿ ಸಂಖ್ಯೆ ನೋಡಿ ಹೋಲಿಸೋರು ಇಲ್ಲೇ ಎಡವೋದು. 2017ರಲ್ಲಿ ಸ್ವಿಟ್ಜರ್ಲೆಂಡ್‌ನ ವಿಶ್ವವಿದ್ಯಾಲಯ ಈಟಿಎಚ್ ಝೂರಿಕ್‌ನವರು ಸೀರಿಯಾದಲ್ಲಿ 5.25% ಅಂತ ತೋರಿಸಿದ್ರು, ಬಿಸಿಲಿಂದ ದ್ರವ ಇಂಧನ ಮಾಡೋ ಸನ್-ಟು-ಲಿಕ್ವಿಡ್ ಪ್ರಾಜೆಕ್ಟ್‌ನವರು ಸ್ಪೇನ್‌ನ ಮೊಸ್ಟೋಲೆಸ್‌ನಲ್ಲಿ ಟವರ್ ಕಟ್ಟಿ 2022ರಲ್ಲಿ 4.1% ಅಂತ ಪ್ರಕಟಿಸಿದ್ರು, ಹಾಗಂತ ಹಿಂದಕ್ಕೆ ಹೋದ್ರು ಅನ್ನೋದು ಸರಿಯಲ್ಲ. ಮೊದಲನೇದು ಲ್ಯಾಬ್‌ನ ಸಣ್ಣ ರಿಯಾಕ್ಟರ್, ಒಡೆದಿದ್ದು ಕಾರ್ಬನ್ ಡೈಆಕ್ಸೈಡ್ ಮಾತ್ರ. ಎರಡನೇದು 50 ಕಿಲೋವ್ಯಾಟ್‌ನದ್ದು, 169 ಕನ್ನಡಿಗಳ ನಿಜವಾದ ಬಿಸಿಲು, ನೀರೂ ಕಾರ್ಬನ್ ಡೈಆಕ್ಸೈಡೂ ಎರಡೂ ಸೇರಿ, ಅದೇ ಜಾಗದಲ್ಲಿ ದ್ರವ ಇಂಧನದವರೆಗೂ. ನನ್ನ ಪ್ರಕಾರ ಆ 4.1% ದೊಡ್ಡ ಸಾಧನೆ. ಹಾಗಾಗಿ ನಮ್ಮ ಗುಂಪುಗಳ ನಡುವೆ ಬರೆದಿಟ್ಕೊಂಡಿದ್ದು ಏನಂದ್ರೆ, ಒಳಗೆ ಹೋದ ಶಕ್ತಿಯ ಲೆಕ್ಕದಲ್ಲಿ ರಿಯಾಕ್ಟರ್ ಬಾಯಿಗೆ ಬಂದ ಬೆಳಕಿನ ಜೊತೆ ಆರ್ಗಾನ್ ತಯಾರಿಸೋಕೆ ಮತ್ತೆ ವ್ಯಾಕ್ಯೂಮ್ ಪಂಪ್ ಓಡಿಸೋಕೆ ಬೇಕಾದ ಶಕ್ತಿನೂ ಸೇರಲೇಬೇಕು, ಕನ್ನಡಿ ಮೈದಾನದಲ್ಲಿ ಕಳೆದುಹೋಗೋದನ್ನ ಬೇರೆ ಸಾಲಲ್ಲಿ ಬರೀಬೇಕು. ಪಂಪ್ ಬಿಟ್ಟು ಲೆಕ್ಕ ಹಾಕಿದ್ರೆ ಸಂಖ್ಯೆ ಚೆನ್ನಾಗಿ ಕಾಣುತ್ತೆ, ಆದ್ರೆ ಪ್ಲಾಂಟ್ ಕಟ್ಟೋರಿಗೆ ಅದ್ರಿಂದ ಏನೂ ಉಪಯೋಗ ಇಲ್ಲ.

ಕಿಟಕಿ ಗ್ಲಾಸ್ ವಿಚಾರನೂ ಹೇಳ್ಬೇಕು. ರಿಯಾಕ್ಟರ್ ಮುಂದಿನ ಕ್ವಾರ್ಟ್ಜ್ ಗ್ಲಾಸ್ ಮೇಲೆ ಒಳಗಿಂದ ಆವಿಯಾಗಿ ಬರೋ ವಸ್ತು ತೆಳ್ಳಗೆ ಕೂರುತ್ತೆ, ಅಲ್ಲಿಗೆ ಒಳಹೋಗೋ ಬೆಳಕು ಕಮ್ಮಿ. ಟವರ್ ಲ್ಯಾಬ್‌ನ ಆಪರೇಟರ್ ಒಬ್ರು ಬೆಳಿಗ್ಗೆ ಮೊದಲು ಅದನ್ನೇ ಟಾರ್ಚ್ ಹಿಡಿದು ಓರೆಯಾಗಿ ನೋಡ್ತಿದ್ರು, ನೇರ ನೋಡಿದ್ರೆ ಕಾಣಲ್ಲ. ಅವರು ಬರೆದ ಒಂದು ಸಾಲು ಟಿಪ್ಪಣಿ ಇಲ್ದೇ ಹೋಗಿದ್ರೆ ಮಾಡೆಲ್‌ನವರು ಫೋಮೇ ಹಾಳಾಗ್ತಿದೆ ಅಂತ ತಿಂಗಳುಗಟ್ಲೆ ತಲೆ ಕೆಡಿಸ್ಕೋತಿದ್ರು. ಈಗ ಡೇಟಾ ಫೈಲ್ ಜೊತೆ ಆ ದಿನದ ಲಾಗ್‌ಬುಕ್ ಪುಟದ ಫೋಟೋನೂ ಹೋಗುತ್ತೆ.

ಸದ್ಯ ಎಲ್ರೂ ತಲೆ ಹಾಕ್ತಿರೋದು ಹೀಟ್ ರಿಕವರಿಗೆ. ಪ್ರತೀ ಚಕ್ರದಲ್ಲೂ 1500ರಿಂದ 900ಕ್ಕೆ ಇಳಿಯೋವಾಗ ಹೋಗೋ ಶಾಖ ವ್ಯರ್ಥ, ಅದನ್ನ ಹಿಡಿದಿಟ್ಟು ಮುಂದಿನ ಚಕ್ರಕ್ಕೆ ಕೊಟ್ರೆ ದಕ್ಷತೆ ಎಷ್ಟೋ ಪಟ್ಟು ಏರೋ ದಾರಿ ಇದೆ. ನಾವು ಹೊಸ ಫೋಮ್ ಕಳಿಸೋಕೆ ಮುಂಚೆನೇ ಶಾಖ ಎಲ್ಲಿ, ಯಾವಾಗ ಅಳೀಬೇಕು ಅಂತ ಎಲ್ಲಾ ಲ್ಯಾಬ್‌ನವರೂ ಕೂತು ಟೆಂಪ್ಲೇಟ್ ಬರೀತಿದೀವಿ.