ಸಾಲಿ ಬಿಟ್ಟ ಮೇಲಿನ ಎರಡೂವರೆ ತಾಸು

ಮಗನ ಸಾಲಿ ನವನಗರದಲ್ಲಿ, ನನ್ನ ಬ್ಯಾಂಕ್ ಧಾರವಾಡದಲ್ಲಿ, ಮನೆಯವರ ಕೆಲಸ ಹುಬ್ಬಳ್ಳಿ ಗೋಕುಲ ರೋಡಿನಲ್ಲಿ. ಸಾಲಿ ಬಿಡುವುದು ನಾಲ್ಕಕ್ಕೆ. ನಾನು ಕ್ಯಾಶ್ ತಾಳೆ ನೋಡಿ, ಜ್ಯುಬಿಲಿ ಸರ್ಕಲ್‌ನಲ್ಲಿ ಚಿಗರಿ ಬಸ್ ಹತ್ತಿ, ನವನಗರದಲ್ಲಿ ಇಳಿಯುವಾಗ ಆರೂವರೆ. ನಡುವಿನ ಎರಡೂವರೆ ತಾಸು ಅತ್ತೆಯವರ ಪಾಲಿನದಾಗಿತ್ತು. ಮಗ ಮೂರನೇ ಇಯತ್ತೆಗೆ ಬಂದ ವರ್ಷ ಅವರ ಮೊಣಕಾಲು ನೋವು ಜೋರಾಯಿತು. ಅವರು ನರಗುಂದಕ್ಕೆ, ಮೈದುನನ ಮನೆಗೆ ಹೋದರು.

ಸಾಲಿ ಬಿಟ್ಟ ಮೇಲೆ ಮಗನನ್ನು ನೋಡಿಕೊಳ್ಳುವ ಕೇಂದ್ರ ಹುಡುಕಬೇಕಾಯಿತು. ಮೊದಲ ಸಲ ಬೋರ್ಡು ನೋಡಿ ಸೇರಿಸಿದೆ. ಬಣ್ಣದ ಗೋಡೆ, ಅಬಾಕಸ್, ಮೊಬೈಲಿನಲ್ಲೇ ಕ್ಯಾಮೆರಾ ನೋಡಬಹುದು ಎಂದರು. ಶನಿವಾರದ ಬಗ್ಗೆ ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ನಮ್ಮ ಕಡೆ ಶನಿವಾರ ಮುಂಜಾನೆ ಸಾಲಿ. ಬ್ಯಾಂಕಿಗೆ ಎರಡನೇ, ನಾಲ್ಕನೇ ಶನಿವಾರ ಮಾತ್ರ ಸೂಟಿ. ತಿಂಗಳ ಮೊದಲ ಶನಿವಾರ ಹನ್ನೆರಡರ ಹೊತ್ತಿಗೆ ರಿಕ್ಷಾದವನ ಫೋನು: "ಅಕ್ಕಾರ, ಇಲ್ಲಿ ಕೀಲಿ ಹಾಕ್ಯಾರಲ್ರಿ!" ಕೇಂದ್ರ ತೆಗೆಯುವುದು ಎರಡಕ್ಕಂತೆ. ನಾನು ಹೋಗಿ ಮುಟ್ಟುವಾಗ ಮಗ ಎದುರು ಮನೆಯ ಕಟ್ಟೆ ಮೇಲೆ ಪಾಟಿಚೀಲ ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಪಕ್ಕದಲ್ಲಿ ಪುಣ್ಯಾತ್ಮ ರಿಕ್ಷಾದವ. ಅವತ್ತೇ ಬಿಡಿಸಿದೆ.

ಎರಡನೇ ಸಲ ಹುಡುಕುವಾಗ ಮುಂಜಾನೆ ಹನ್ನೊಂದಕ್ಕೆ ಎಲ್ಲಿಗೂ ಹೋಗಲಿಲ್ಲ. ಆಗ ಎಲ್ಲ ಕಡೆ ಫರಸಿ ಫಳಫಳ, ಆಟಿಕೆ ಸಾಲುಸಾಲು. ರಜೆ ಹಾಕಿ ಸಂಜೆ ಐದಕ್ಕೆ, ಫೋನು ಮಾಡದೇ ಹೋದೆ. ಐದಕ್ಕೆ ಮಕ್ಕಳಿಗೆ ಹಸಿವು, ನಿದ್ದೆ, ಜಗಳ ಮೂರೂ ಒಟ್ಟಿಗೆ ಬರುತ್ತವೆ. ನೋಡಿಕೊಳ್ಳುವವರ ಹಣೆಬರಹ ತಿಳಿಯುವುದೂ ಆಗಲೇ.

ಒಂದು ಕಡೆ ಇಪ್ಪತ್ತೆರಡು ಹುಡುಗರಿಗೆ ಒಬ್ಬಳೇ ಹುಡುಗಿ. ಆದರೂ ಹಾಲ್ ಗಪ್ ಚುಪ್. "ಹೋಮ್‌ವರ್ಕ್ ಪೂರ್ತಿ ಮಾಡಿಸೇ ಕಳಸ್ತೀವ್ರಿ" ಎಂದು ಹೆಮ್ಮೆಯಿಂದ ವಹಿ ತೋರಿಸಿದಳು. ಏಳು ವಹಿ ತಿರುವಿದೆ. ಏಳರಲ್ಲೂ "ವಿಧ್ಯಾರ್ಥಿ" ಎಂದೇ ಇತ್ತು, ಏಳರಲ್ಲೂ 'ದ' ಅಕ್ಷರಕ್ಕೆ ಒಂದು ಹೊಟ್ಟೆ ಸೀಳು ಹೆಚ್ಚು. ತಲೆಯೆತ್ತಿ ಗೋಡೆಯ ಕರಿಹಲಗೆ ನೋಡಿದೆ, ಅಲ್ಲೂ ಅದೇ. ಅದು ಕಾಪಿ ಹೊಡೆಸುವ ಟ್ಯೂಷನ್. ನನಗೆ ಬೇಕಾಗಿದ್ದು ಹೊಟ್ಟೆಗೆ ತಿನಿಸು, ಅರ್ಧ ತಾಸು ಆಟ, ಮೇಲೊಂದು ಕಣ್ಣು.

ಕೊನೆಗೆ ಒಪ್ಪಿದ ಮನೆಗೆ ಬೋರ್ಡೇ ಇಲ್ಲ. ನಿವೃತ್ತ ಸಾಲಿ ಅಕ್ಕೋರು ಮತ್ತು ಅವರ ತಂಗಿ, ಒಂಬತ್ತು ಮಕ್ಕಳು. ನಾನು ಫೀ ಕೇಳುವ ಮೊದಲೇ ಅಕ್ಕೋರು ಮಗನನ್ನು ಕೇಳಿದರು: "ಏನಪಾ, ಡಬ್ಬಿ ಖಾಲಿ ಮಾಡಿ ಬಂದೀಯೋ ಇಲ್ಲೋ?" ಅವನ ಕೈಗೆ ಅವಲಕ್ಕಿ ಬಂತು. ಅವನು ತಿನ್ನುವಷ್ಟರಲ್ಲಿ ನಾನು ಪಾಯಖಾನೆ ನೋಡಿದೆ. ಚಿಲಕ ಮಕ್ಕಳ ಕೈಗೆ ಎಟುಕುತ್ತದೆ, ಹೊರಗಿನಿಂದಲೂ ತೆಗೆಯಲು ಬರುತ್ತದೆ.

ಗಟ್ಟಿ ಮನಸ್ಸು ಮಾಡಿ ಕೇಳಿದ ಪ್ರಶ್ನೆ ಒಂದೇ: "ಮನ್ಯಾಗ ಗಂಡಸರು ಯಾರ್ಯಾರು ಇರ್ತಾರ್ರಿ?" ಕೇಳಿದರೆ ಸಿಟ್ಟಾಗುವವರ ಮನೆಯಲ್ಲಿ ಮಗುವನ್ನು ಬಿಡಬಾರದೆಂದು ಮೊದಲೇ ಠರಾಯಿಸಿದ್ದೆ. ಅವರು ಸಿಟ್ಟಾಗಲಿಲ್ಲ. "ಮಗ ಅದಾನ, ಎಂಟರ ಮ್ಯಾಲ ಬರ್ತಾನ. ಕೇಳಿದ್ದು ಛಲೋ ಆತು" ಎಂದರು. ಮಕ್ಕಳ ಸಹಾಯವಾಣಿ 1098 ಎಂದು ಮಗನಿಗೂ ಬಾಯಿಪಾಠ ಮಾಡಿಸಿದ್ದೇನೆ. ಅದು ಬೇರೆ ಮಾತು.

ಕೊರತೆ ಇಲ್ಲವೆಂದಲ್ಲ. ಕ್ಯಾಮೆರಾ ಇಲ್ಲ. ಹೋಮ್‌ವರ್ಕ್ ಅರ್ಧ ಮನೆಗೇ ಬರುತ್ತದೆ. ಆರರ ಮೇಲೆ ಟಿವಿ ಹಚ್ಚುತ್ತಾರೆ. ದಸರಾ ಸೂಟಿಯಲ್ಲಿ ನಾಲ್ಕು ದಿನ ಅವರೂ ಊರಿಗೆ ಹೋಗುತ್ತಾರೆ, ಆಗ ನರಗುಂದವೇ ಗತಿ. ಫೀ ಮೊದಲಿನದಕ್ಕಿಂತ ಐದುನೂರು ಹೆಚ್ಚು. ಮನೆಯವರು ಗೊಣಗಿದರು, ಶನಿವಾರದ ಕಟ್ಟೆ ನೆನಪಿಸಿದೆ.

ಕರೆದೊಯ್ಯಲು ಬರುವವರ ಫೋಟೋ ಕೊಡಿ ಎಂದಿದ್ದರು. ನಮ್ಮಿಬ್ಬರದೂ ಕೊಟ್ಟಿದ್ದೆ. ಎರಡನೇ ವಾರ ಬೇಕಂತಲೇ ಫೋನು ಮಾಡದೆ ತಮ್ಮನನ್ನು ಕಳಿಸಿದೆ. "ಮಾಮಾ!" ಎಂದು ಮಗ ಓಡಿ ಬಂದರೂ ಅಕ್ಕೋರು ಗೇಟು ತೆಗೆಯಲಿಲ್ಲ. ನನಗೆ ಫೋನು ಹಚ್ಚಿ, ನಾನು ಹೂಂ ಎಂದ ಮೇಲೇ ಬಿಟ್ಟರು. ತಮ್ಮ ಮನೆಗೆ ಬಂದವನೇ, "ನನ್ನೇನ್ ಕಳ್ಳ ಅಂತ ತಿಳದಾರನ ಅವರು?" ಎಂದು ಹಾರಾಡಿದ. ಮರುದಿನ ಅವನ ಫೋಟೋನೂ ಕೊಟ್ಟು ಬಂದೆ. ಆದರೂ ಅವನು ಇವತ್ತಿಗೂ ಒಳಗೆ ಕಾಲಿಡುವುದಿಲ್ಲ, ಗೇಟಿನ ಹೊರಗೆ ಗಾಡಿ ಮೇಲೆ ಕೂತೇ ಹಾರ್ನ್ ಹೊಡೆಯುತ್ತಾನೆ.