ನಮ್ಮ ಹೊಳೆಗೆ ಯೋಜನೆ ಬರೆದ ಬಗೆ

ಹೊಳೆಗೆ ಯೋಜನೆ ಮಾಡೋಣ ಅಂದ ಕೂಡಲೇ ಸ್ನಾನಘಟ್ಟ, ಮೆಟ್ಟಿಲು, ತಡೆಗೋಡೆ, ಲೈಟ್ ಕಂಬ ಅಂತ ಕಾಮಗಾರಿ ಪಟ್ಟಿ ಶುರುವಾಗುತ್ತದೆ. ಹರಿಹರ ತಾಲ್ಲೂಕಿನ ನಮ್ಮ ಪಂಚಾಯಿತಿಯಲ್ಲೂ ಹಾಗೇ ಆಯಿತು. ನಾನು ಅಲ್ಲಿನ ಜೀವವೈವಿಧ್ಯ ನಿರ್ವಹಣಾ ಸಮಿತಿಯಲ್ಲಿದ್ದೇನೆ. ಊರಿನ ಗಿಡಮರ, ಪ್ರಾಣಿಗಳನ್ನು ಕಾಯಲು ಪಂಚಾಯಿತಿ ಮಾಡುವ ಸಮಿತಿ ಅದು. ತುಂಗಭದ್ರೆಯ ನಮ್ಮ ದಡಕ್ಕೆ ಯೋಜನೆ ಬರೆಯುವ ಕೆಲಸ ನನಗೆ ಬಂದಾಗ ಕಾಮಗಾರಿಯ ಮಾತು ಬದಿಗಿಟ್ಟು ಒಂದೇ ಪ್ರಶ್ನೆ ಕೇಳಿದೆ: ಈ ಹೊಳೆಯಲ್ಲಿ ಏನು ಹಾಳಾದರೆ ಮತ್ತೆ ತರೋಕೆ ಆಗಲ್ಲ?

ಈ ದಾರಿ ಹೊಸದೇನಲ್ಲ. ಅಮೆರಿಕದಲ್ಲಿ ಚೆಂದದ ನದಿಗಳನ್ನು ಕಾಯಲು 1968ರಲ್ಲೇ ಕಾಯ್ದೆ ಬಂತು. ಅಲ್ಲಿ ಆ ನದಿಯ ವಿಶೇಷ ಏನು ಅಂತ ಮೊದಲು ಬರೆಯುತ್ತಾರೆ. ಎಷ್ಟು ಜನ ಬಂದರೆ ಅದು ತಡೆದೀತು ಅಂತಲೂ ಬರೆಯಬೇಕು. ನಮ್ಮ ತುಂಗಭದ್ರೆಯೂ ಕೆಳಗಡೆ ಮುದ್ಲಾಪುರದಿಂದ ಕಂಪ್ಲಿವರೆಗೆ 34 ಕಿಲೋಮೀಟರ್ ನೀರುನಾಯಿ ಸಂರಕ್ಷಣಾ ಮೀಸಲು. 2015ರಲ್ಲಿ ಘೋಷಣೆಯಾಯಿತು. ನಮ್ಮ ಭಾಗಕ್ಕೆ ಆ ಹೆಸರಿಲ್ಲ. ಹಾಗಂತ ಕಾಯದೆ ಬಿಡಬೇಕಾ?

ಮೀನು ಹಿಡಿಯುವವರ ಜೊತೆ ದಡದುದ್ದಕ್ಕೂ ನಡೆದೆವು. ಮಡು ಎಲ್ಲಿ, ಜೊಂಡು ಎಲ್ಲಿ, ಬೇಸಿಗೆಯಲ್ಲಿ ನೀರು ಎಲ್ಲಿ ನಿಲ್ಲುತ್ತದೆ ಅಂತ ನಕ್ಷೆಯಲ್ಲಿ ಗುರುತು ಹಾಕಿದೆವು. ಹೊಳೆಮತ್ತಿ ಮರದ ಕೆಳಗಿನ ಬಂಡೆಯ ಮೇಲೆ ಕಪ್ಪಗೆ ಏನೋ ಬಿದ್ದಿತ್ತು. ಹಿರಿಯರೊಬ್ಬರು ಕಡ್ಡಿಯಿಂದ ಕೆದಕಿ ತೋರಿಸಿದರು. ಒಳಗೆಲ್ಲ ಮೀನಿನ ಹುರುಪೆ, ಏಡಿ ಚಿಪ್ಪಿನ ಚೂರು. ಗಪ್ಪಂತ ಮೀನಿನ ವಾಸನೆ. ನೀರುನಾಯಿ ಹಿಕ್ಕೆ.

"ಬಲೆ ಹರಿದು ಮೀನು ತಿಂದು ಹೋಗ್ತಾವೆ ಸರ. ಇವನ್ನ ಕಾಯಾಕ ನಮ್ಮನ್ನೇ ಕರೀತೀರಲ್ಲ?" ಅಂದರು.

ಆ ಮಾತು ನ್ಯಾಯವಾದದ್ದು. ಸಂರಕ್ಷಣಾ ಮೀಸಲಿನ ಸಮಿತಿ ಹೇಗಿರಬೇಕು ಅಂತ ವನ್ಯಜೀವಿ ಕಾಯ್ದೆಯ 36ಬಿ ಕಲಮಿನಲ್ಲಿದೆ. ಅರಣ್ಯ ಇಲಾಖೆ, ಪಂಚಾಯಿತಿ, ಸ್ವಯಂಸೇವಾ ಸಂಸ್ಥೆ, ಕೃಷಿ, ಪಶುಸಂಗೋಪನೆ ಎಲ್ಲರಿಗೂ ಅದರಲ್ಲಿ ಜಾಗವಿದೆ. ಮೀನುಗಾರರಿಗೆ ಅಂತ ಒಂದು ಕುರ್ಚಿ ಇಲ್ಲ! ಹೊಳೆಯನ್ನು ದಿನಾ ನೋಡುವವರನ್ನೇ ಹೊರಗಿಟ್ಟು ಹೊಳೆ ಕಾಯೋದು ಹೇಗೆ? ಅದಕ್ಕೇ ನಮ್ಮ ಯೋಜನೆಯಲ್ಲಿ ಅವರ ಮಾತು ಮೊದಲು. ನೀರುನಾಯಿ ಹರಿದ ಬಲೆಯ ರಿಪೇರಿಗೆ ಸ್ಥಳೀಯ ಜೀವವೈವಿಧ್ಯ ನಿಧಿಯಿಂದ ಒಂದಿಷ್ಟು ಕೊಡಬೇಕು ಅಂತ ಬರೆದೆವು. ಬದಲಿಗೆ ಅವರು, ಮಡುವಿನಲ್ಲಿ ತೋಟೆ (ಸಿಡಿಮದ್ದು) ಹಾಕಿ ಮೀನು ಹಿಡಿಯುವವರು ಕಂಡರೆ ತಕ್ಷಣ ಹೇಳುತ್ತೇವೆ, ಬೇಸಿಗೆಯಲ್ಲಿ ಅಲ್ಲಿ ನಾವೂ ಬಲೆ ಬಿಡಲ್ಲ ಅಂತ ಒಪ್ಪಿದರು.

'ನೀರುನಾಯಿ ಸಂರಕ್ಷಿಸುವುದು' ಅಂತ ಸುಮ್ನೆ ಬರೆದರೆ ಯಾರೂ ಏನೂ ಮಾಡಲ್ಲ. ಏನನ್ನು ನೋಡಬೇಕು, ಯಾರು ನೋಡಬೇಕು, ಕೆಟ್ಟರೆ ಏನು ಮಾಡಬೇಕು, ಇಷ್ಟೂ ಇರಬೇಕು. ಆ ಬಂಡೆಯ ಮೇಲೆ ಸತತ 2 ತಿಂಗಳು ಹೊಸ ಹಿಕ್ಕೆ ಕಾಣದಿದ್ದರೆ ಸಮಿತಿ ಸೇರಬೇಕು. ಮಡುವಿನ ಪಕ್ಕದ ಗುರುತುಗಲ್ಲಿಗಿಂತ ನೀರು ಕೆಳಗಿಳಿದರೆ ಆ ಭಾಗದ ಪಂಪ್‌ಸೆಟ್‌ನವರು ಸರದಿ ಮೇಲೆ ಮೋಟಾರ್ ಹಾಕಬೇಕು. ಬೇಸಿಗೆಯಲ್ಲಿ ಭದ್ರಾ ಡ್ಯಾಮಿನಿಂದ ನದಿಗೆ ನೀರು ಬಿಟ್ಟಾಗ ಅದು ಕೆಳಗಿನ ಊರುಗಳ ಕುಡಿಯುವ ನೀರು. ಮೋಟಾರ್ ಸರದಿಯ ಮಾತಿಗೆ ಜಾಸ್ತಿ ಜಗಳವಾಯಿತು. ಭತ್ತ ಒಣಗುತ್ತಿರುವಾಗ ಮೋಟಾರ್ ನಿಲ್ಲಿಸು ಅಂದರೆ ಯಾರಿಗಾದರೂ ಸಿಟ್ಟು ಬರುತ್ತೆ ಅಲ್ವಾ? ಕೊನೆಗೆ ರಾತ್ರಿ ಪಾಳಿಗೆ ಒಪ್ಪಿದರು.

ಜಾತ್ರೆಗೆ ಬಂದವರು ಹಳೇ ಬಟ್ಟೆ ಹೊಳೆಗೆ ಬಿಡುವುದನ್ನು ನಿಲ್ಲಿಸಲು ಪೂಜಾರರೇ ದಾರಿ ತೋರಿಸಿದರು. ಬಟ್ಟೆಯನ್ನು ಒಮ್ಮೆ ನೀರಿನಲ್ಲಿ ಅದ್ದಿ, ಮೇಲಿನ ತೊಟ್ಟಿಗೆ ಹಾಕಿದರೆ ಸಾಕು ಅಂತ ಅವರೇ ಹೇಳುತ್ತಾರೆ.

ಹೊಳೆಯಿಂದ ಮರಳು ತೆಗೆಯುವ ವಿಷಯ ಪಂಚಾಯಿತಿ ಕೈಯಲ್ಲಿಲ್ಲ. ಗ್ರಾಮಸಭೆಯಲ್ಲಿ ನಿರ್ಣಯ ಮಾಡಿ ಮೇಲಿನವರಿಗೆ ಕಳಿಸಿದ್ದೇವೆ. ಅದಕ್ಕಿಂತ ದೊಡ್ಡ ತೊಡಕು ಬೇರೆ ಇದೆ. ಆಚೆ ದಡ ಹಾವೇರಿ ಜಿಲ್ಲೆಗೆ ಸೇರಿದ್ದು. ಮಡು ಒಂದೇ, ಜಿಲ್ಲೆ ಎರಡು. ಅಲ್ಲಿನ ಪಂಚಾಯಿತಿಗೆ ನಮ್ಮ ನಕ್ಷೆಯ ಪ್ರತಿ ಕೊಟ್ಟು ಬಂದಿದ್ದೇವೆ. ಬೇಸಿಗೆಗೆ ಮೊದಲು ಎರಡೂ ಕಡೆಯ ಮೀನುಗಾರರನ್ನು ಕೂರಿಸೋಣ ಅಂದಿದ್ದಾರೆ. ಮೋಟಾರ್ ಪಾಳಿ ಅವರಿಗೂ ಒಪ್ಪಿಗೆಯಾಗುವವರೆಗೆ ನಮ್ಮ ಯೋಜನೆ ಅರ್ಧ ಹೊಳೆಯದ್ದೇ.