ಕರಾವಳಿಯ ಮನೆಗೆ ಹೀಟ್ ಪಂಪ್ ಅಳವಡಿಸುವುದು ಹೇಗೆ?

ಸ್ವೀಡನ್‌ನಂಥ ಶೀತ ದೇಶಗಳಲ್ಲಿ ಮನೆಯನ್ನು ಬೆಚ್ಚಗಿಡಲು ನೂರಾರು ಅಡಿ ಆಳ ಕೊರೆದು, ಅಲ್ಲಿ ಪೈಪು ಇಳಿಸಿ, ನೆಲದ ಶಾಖವನ್ನು ಹೀಟ್ ಪಂಪಿನ (ಫ್ರಿಜ್ಜಿನಂತೆ ಒಂದೆಡೆಯ ಶಾಖವನ್ನು ಇನ್ನೊಂದೆಡೆಗೆ ಸಾಗಿಸುವ ಯಂತ್ರ) ಮೂಲಕ ಮೇಲೆತ್ತುತ್ತಾರೆ; ಹೊರಗಿನ ಗಾಳಿ ಸೊನ್ನೆ ಡಿಗ್ರಿಗಿಂತ ಕೆಳಗಿಳಿದಾಗಲೂ ನೆಲದಾಳ ಅಷ್ಟು ತಣಿಯುವುದಿಲ್ಲವಾದ್ದರಿಂದ ಆ ಖರ್ಚಿಗೆ ಅರ್ಥವಿದೆ. ಮಂಗಳೂರು, ಉಡುಪಿಗಳಲ್ಲಿ ಕೋಣೆ ಬೆಚ್ಚಗೆ ಮಾಡುವ ಅಗತ್ಯವೇ ಇಲ್ಲ, ನೆಲದಾಳದ ಉಷ್ಣತೆಯೂ ಗಾಳಿಯ ವಾರ್ಷಿಕ ಸರಾಸರಿಯಂತೆಯೇ ಸುಮಾರು 27 ಡಿಗ್ರಿ. ಹಾಗಾಗಿ ಕೆಂಪುಕಲ್ಲು ಕೊರೆಯಲು ಹಣ ಸುರಿಯದೆ, ಗಾಳಿಯಿಂದಲೇ ಶಾಖ ಹೀರುವ ಹೀಟ್ ಪಂಪನ್ನು ಸ್ನಾನದ ನೀರಿಗೆ ಬಳಸುವುದೇ ನಮ್ಮ ಊರಿಗೆ ಸರಿ. ಸೋಲಾರ್ ಹೀಟರ್ ಕೈಕೊಡುವ ಆಟಿ ತಿಂಗಳ ಮಳೆಯಲ್ಲೂ ಇದು ಕೆಲಸ ಮಾಡುತ್ತದೆ.

200 ಲೀಟರ್ ನೀರನ್ನು 27ರಿಂದ 55 ಡಿಗ್ರಿಗೆ ಏರಿಸಲು ಗೀಸರ್‌ಗೆ ಸುಮಾರು ಆರೂವರೆ ಯೂನಿಟ್ ವಿದ್ಯುತ್ ಬೇಕು. ಒಂದು ಪಾಲು ವಿದ್ಯುತ್ತಿಗೆ ಮೂರು ಪಾಲು ಶಾಖ ಕೊಡುವ ಹೀಟ್ ಪಂಪಿಗೆ ಎರಡು ಯೂನಿಟ್‌ಗಿಂತ ತುಸು ಹೆಚ್ಚು ಸಾಕು.

ಸ್ಥಳದ ಆಯ್ಕೆಯಲ್ಲಿ ಅವಸರ ಬೇಡ. ಗಾಳಿಯಾಡದ ಬಚ್ಚಲಿನಲ್ಲಿ ಇಟ್ಟರೆ ಯಂತ್ರ ತಾನೇ ತಣಿಸಿದ ಗಾಳಿಯನ್ನು ಮತ್ತೆ ಎಳೆದುಕೊಂಡು ಹೆಚ್ಚು ವಿದ್ಯುತ್ ತಿನ್ನುತ್ತದೆ. ಮಳೆಗಾಲದ ಗಾಳಿ ನೈಋತ್ಯದಿಂದ ಬೀಸುವುದರಿಂದ ಮನೆಯ ಪೂರ್ವ ಅಥವಾ ಉತ್ತರದ ಬದಿ, ಅಗಲವಾದ ಸೂರಿನ ಕೆಳಗೆ, ನೆಲದಿಂದ ಸ್ವಲ್ಪ ಎತ್ತರದ ಕಟ್ಟೆ ಉತ್ತಮ. ತೇವ ತುಂಬಿದ ಗಾಳಿಯಿಂದ ನೀರು ಇಳಿಯುತ್ತಲೇ ಇರುವುದರಿಂದ ಅದನ್ನು ಹೊರಹಾಕುವ ಪೈಪಿಗೆ ಇಳಿಜಾರು ಕೊಡಬೇಕು. ಮಲ್ಪೆ, ಪಣಂಬೂರಿನಂಥ ಕಡಲ ಸಮೀಪದ ಮನೆಯವರು ಉಪ್ಪುಗಾಳಿ ತಡೆಯುವ ಲೇಪನವಿರುವ ಕಾಯಿಲ್ (ಗಾಳಿಯ ಶಾಖ ಹೀರುವ ಕೊಳವೆಸುರುಳಿ) ಇದೆಯೇ ಎಂದು ಖರೀದಿಯ ಮೊದಲೇ ಕೇಳಬೇಕು. ಆಗಾಗ ಯಂತ್ರದ ಎಂಸಿಬಿ (ವಿದ್ಯುತ್ ಸಂಪರ್ಕ ಕಡಿಯುವ ಸ್ವಿಚ್) ಆರಿಸಿ, ಕಾಯಿಲಿನ ತೆಳುವಾದ ಅಲ್ಯೂಮಿನಿಯಂ ರೆಕ್ಕೆಗಳ ಮೇಲೆ ಸಿಹಿನೀರನ್ನು ಮೇಲಿಂದ ಕೆಳಕ್ಕೆ ಮೆಲ್ಲಗೆ ಹರಿಸಿ. ರಭಸದ ನೀರಿಗೆ ಆ ರೆಕ್ಕೆಗಳು ಬಾಗಿ ಗಾಳಿಯ ದಾರಿ ಮುಚ್ಚುತ್ತದೆ.

ಕೆಂಪುಕಲ್ಲಿನ ನೆಲದ ಬಾವಿನೀರು ಹಲವೆಡೆ ತುಸು ಆಮ್ಲೀಯ. ಒಳಗೆ ಗಾಜಿನ ಲೇಪನವಿರುವ ಟ್ಯಾಂಕಿನಲ್ಲಿ ಮೆಗ್ನೀಷಿಯಂ ಸರಳೊಂದಿರುತ್ತದೆ; ಟ್ಯಾಂಕಿನ ಉಕ್ಕಿನ ಬದಲು ತಾನೇ ಸವೆಯುವುದೇ ಅದರ ಕೆಲಸ. ವರ್ಷಕ್ಕೊಮ್ಮೆ ಅದನ್ನು ಬಿಚ್ಚಿ ನೋಡಿಸಿ. ಮಧ್ಯದ ತಂತಿ ಕಾಣುವಷ್ಟು ಸವೆದಿದ್ದರೆ ಬದಲಿಸಲೇಬೇಕು. ಹೆಚ್ಚಿನವರು ಮರೆಯುವುದು ಇದನ್ನೇ, ಟ್ಯಾಂಕ್ ತೂತಾದ ಮೇಲೆ ದುರಸ್ತಿಗೆ ದಾರಿಯಿಲ್ಲ.

ಸರಿಯಾದ ಅರ್ಥಿಂಗ್, ವಿದ್ಯುತ್ ಸೋರಿದರೆ ಸಂಪರ್ಕ ಕಡಿಯುವ ಆರ್‌ಸಿಸಿಬಿ, ಸಿಡಿಲಿನ ಊರಾದ್ದರಿಂದ ವಿದ್ಯುತ್ತಿನ ಹಠಾತ್ ಏರಿಕೆಯನ್ನು ತಡೆಯುವ ಸರ್ಜ್ ರಕ್ಷಣೆ, ಈ ಮೂರನ್ನೂ ಪರವಾನಗಿ ಇರುವ ಎಲೆಕ್ಟ್ರಿಷಿಯನ್‌ನಿಂದಲೇ ಮಾಡಿಸಿ. ಗಾಳಿ ಹೆಚ್ಚು ಬಿಸಿಯಿರುವ ಮಧ್ಯಾಹ್ನಕ್ಕೆ ಟೈಮರ್ ಇಡಿ. ಉಷ್ಣತೆಯನ್ನು 50ರಿಂದ 55 ಡಿಗ್ರಿಯಲ್ಲಿರಿಸಿ, ರೋಗಾಣುಗಳು ಬೆಳೆಯದಂತೆ ವಾರಕ್ಕೊಮ್ಮೆ 60ಕ್ಕೆ ಏರಿಸಿ. ಮನೆಯಲ್ಲಿ ಮಕ್ಕಳೋ ವೃದ್ಧರೋ ಇದ್ದರೆ ಯಾವಾಗಲೂ ತಣ್ಣೀರು ಬೆರೆಸಿದ ಮೇಲೆಯೇ ಬಕೆಟ್ ಅವರ ಕೈಗೆ ಕೊಡಿ.